ರಕ್ಕಸನಿಗೆ ಹೆಸರಿಟ್ಟವರು ಯಾರು?

ಕಳೆದ ವರ್ಷ ಹಬ್ಬಕ್ಕೆ ಊರಿಗೆ ಹೋದಾಗ ಅಜ್ಜಿ ನನ್ನ ಫೋನಿನಲ್ಲಿದ್ದ ಫೋಟೊಗಳನ್ನು ಒಂದೊಂದಾಗಿ ನೋಡುತ್ತಾ ಕೂತಿದ್ದಳು. ಹಾಸ್ಟೆಲಿನ ಗೆಳೆಯನ ಕೋಣೆಯಲ್ಲಿ ತೆಗೆದ ಒಂದು ಫೋಟೊ ಬಂತು. ಹಿಂದಿನ ಗೋಡೆಯ ಮೇಲೆ ಒಂದು ಪೋಸ್ಟರ್ ಇತ್ತು: ಚರ್ಮ ಮೂಳೆಗಂಟಿದ ಮುಖ, ಗುಳಿಬಿದ್ದ ಕಣ್ಣು, ಕೆದರಿದ ಉದ್ದ ಕೂದಲು, ಕಿಸಿದ ಹಲ್ಲು. ಅಜ್ಜಿ ಫೋನನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದಳು. ಆಮೇಲೆ ಕೇಳಿದಳು: "ಇದ್ಯಾವೂರ್ ಮಾರಮ್ಮ ಮಗ? ಹಿಂಗ್ ಸೊರಗೋಗವ್ಳೆ!"

ಮನೆಯವರೆಲ್ಲ ನಕ್ಕರು, ನಾನೂ ನಕ್ಕೆ. ಅದು ಮಾರಮ್ಮನಲ್ಲ, ಎಡ್ಡಿ. ಇಂಗ್ಲೆಂಡಿನ ಐರನ್ ಮೇಡನ್ ಎಂಬ ಹೆವಿ ಮೆಟಲ್ ತಂಡದ ಗೊಂಬೆ. ಡೆರೆಕ್ ರಿಗ್ಸ್ ಎಂಬ ಕಲಾವಿದ ಬಿಡಿಸಿದ ಈ ಮುಖ 1980ರಲ್ಲಿ ತಂಡದ ಮೊದಲ ಆಲ್ಬಂ ಮೇಲೆ ಬಂತು. ಅಲ್ಲಿಂದ ಮುಂದೆ ಆ ತಂಡದ ಆಲ್ಬಂಗಳನ್ನು, ವೇದಿಕೆಯನ್ನು ಬಿಟ್ಟು ಹೋಗಿಲ್ಲ. ಆದರೆ ಅಜ್ಜಿಯ ಪ್ರಶ್ನೆ ನನ್ನ ತಲೆಯಲ್ಲಿ ಉಳಿಯಿತು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳ ಹಾಡುಗಬ್ಬಗಳ ಮೇಲೆ ಸಂಶೋಧನೆ ಮಾಡುತ್ತಿರುವ ನನಗೆ ಹಗಲು ಮಾರಿ, ಕೋಣ, ರಕ್ಕಸರ ಸಹವಾಸ. ರಾತ್ರಿ ಹಾಸ್ಟೆಲಿಗೆ ಬಂದರೆ ಪಕ್ಕದ ಕೋಣೆಯಿಂದ ಇಂಗ್ಲಿಷ್ ರಕ್ಕಸರ ಹಾಡು. ಎರಡೂ ಕಡೆ ಜನ ಭಯಂಕರವಾದದ್ದನ್ನೇ ಯಾಕೆ ಹಾಡುತ್ತಾರೆ? ಹಾಡಿನಲ್ಲಿ ಬರುವ ಈ ರಕ್ಕಸ ನಿಜವಾಗಿ ಯಾರು? ಅವನಿಗೆ ಆ ಹೆಸರು ಇಟ್ಟವರು ಯಾರು?

ಮೊದಲು ರಾಕ್ ಸಂಗೀತದ ಕಥೆ ನೋಡೋಣ. ಹೆವಿ ಮೆಟಲ್ ಹುಟ್ಟಿದ್ದು ಬರ್ಮಿಂಗ್‌ಹ್ಯಾಮಿನ ಕಾರ್ಖಾನೆಗಳ ಸೀಮೆಯಲ್ಲಿ. ಬ್ಲ್ಯಾಕ್ ಸಬ್ಬಾತ್ ತಂಡದ ನಾಲ್ವರೂ ಅಲ್ಲಿನ ಕೂಲಿಕಾರರ ಬೀದಿಗಳಲ್ಲಿ ಬೆಳೆದ ಹುಡುಗರು. ಗಿಟಾರ್ ವಾದಕ ಟೋನಿ ಐಯೊಮಿ ಹದಿನೇಳನೆಯ ವಯಸ್ಸಿಗೆ ಲೋಹದ ತಗಡಿನ ಕಾರ್ಖಾನೆಯಲ್ಲಿ ಬಲಗೈಯ ಎರಡು ಬೆರಳುಗಳ ತುದಿ ಕಳೆದುಕೊಂಡ. ಅದು ಅವನ ಕೆಲಸದ ಕೊನೆಯ ದಿನ. ತುಂಡಾದ ಬೆರಳುಗಳಿಗೆ ತಾನೇ ಪ್ಲಾಸ್ಟಿಕ್ ಟೋಪಿ ಮಾಡಿಕೊಂಡು ಮತ್ತೆ ಗಿಟಾರ್ ಹಿಡಿದ. ನೋವಾಗದಿರಲೆಂದು ಮುಂದೆ ತಂತಿಗಳನ್ನು ಸಡಿಲ ಮಾಡಿದ. ಆ ಸಡಿಲ ತಂತಿಯಿಂದ ಬಂದ ಗಡಸು ದನಿಯೇ ಮೆಟಲ್ ಸಂಗೀತದ ಗುರುತಾಯಿತು. ಯಂತ್ರ ಕಚ್ಚಿದ ಕೈಯಿಂದ ಬಂದ ಸಂಗೀತ ಅದು.

1970ರಲ್ಲಿ ಆ ತಂಡ 'ಪ್ಯಾರನಾಯ್ಡ್' ಎಂಬ ಆಲ್ಬಂ ತಂದಿತು. ಅದರ 'ವಾರ್ ಪಿಗ್ಸ್' ಹಾಡಿನಲ್ಲಿ ಯುದ್ಧ ಸಾರುವ ಸೇನಾಪತಿಗಳನ್ನು ಮಾಟಗಾತಿಯರ ಕೂಟಕ್ಕೆ ಹೋಲಿಸಲಾಗಿದೆ. ವಿಯೆಟ್ನಾಂ ಯುದ್ಧ ನಡೆಯುತ್ತಿದ್ದ ಕಾಲ. ಬಡವರ ಮಕ್ಕಳನ್ನು ಸಾಯಲು ಕಳಿಸಿ ದೊಡ್ಡವರು ಮನೆಯಲ್ಲಿರುತ್ತಾರೆ ಎಂಬುದು ಹಾಡಿನ ಸಿಟ್ಟು. ಅದೇ ಆಲ್ಬಂನ 'ಐರನ್ ಮ್ಯಾನ್' ಹಾಡಿನಲ್ಲಿ ಒಬ್ಬ ಮನುಷ್ಯ ಲೋಕಕ್ಕೆ ಬರಲಿರುವ ಕೇಡನ್ನು ಕಂಡು ಎಚ್ಚರಿಸಲು ಬರುತ್ತಾನೆ. ಬರುವ ದಾರಿಯಲ್ಲಿ ಕಬ್ಬಿಣವಾಗಿ ಹೋಗುತ್ತಾನೆ. ಜನ ಅವನತ್ತ ತಿರುಗಿಯೂ ನೋಡುವುದಿಲ್ಲ. ಕೊನೆಗೆ ಅವನೇ ಜನರ ಮೇಲೆ ಬೀಳುತ್ತಾನೆ. ಒಂದು ಹಾಡಿನಲ್ಲಿ ಅಧಿಕಾರದಲ್ಲಿರುವವರು ಪಿಶಾಚಿಗಳು. ಇನ್ನೊಂದರಲ್ಲಿ ಯಾರೂ ಕಿವಿಗೊಡದ ಮನುಷ್ಯ ರಕ್ಕಸನಾಗುತ್ತಾನೆ.

ಜಪಾನಿನ ಗೊಡ್ಜಿಲಾ ಕೂಡ ಹೀಗೆಯೇ ಹುಟ್ಟಿದ್ದು. 1954ರ ಮಾರ್ಚ್ 1ರಂದು ಅಮೆರಿಕ ಬಿಕಿನಿ ದ್ವೀಪದಲ್ಲಿ ಹೈಡ್ರೋಜನ್ ಬಾಂಬ್ ಪರೀಕ್ಷೆ ಮಾಡಿತು. ಅದರ ವಿಷದ ಬೂದಿ ಜಪಾನಿನ ಒಂದು ಮೀನುಗಾರಿಕಾ ದೋಣಿಯ ಮೇಲೆ ಬಿತ್ತು. ಅದೇ ವರ್ಷದ ನವೆಂಬರಿನಲ್ಲಿ ಗೊಡ್ಜಿಲಾ ಸಿನಿಮಾ ತೆರೆಗೆ ಬಂತು. ಬಾಂಬಿನಿಂದ ಎಚ್ಚೆತ್ತು ಸಮುದ್ರದಿಂದ ಎದ್ದು ಬರುವ ಮೃಗವದು. 1977ರಲ್ಲಿ ಬ್ಲೂ ಆಯ್‌ಸ್ಟರ್ ಕಲ್ಟ್ ಎಂಬ ಅಮೆರಿಕದ ರಾಕ್ ತಂಡ ಆ ಮೃಗದ ಮೇಲೆ ಹಾಡು ಕಟ್ಟಿತು. ಫ್ರಾನ್ಸಿನ ಒಂದು ಮೆಟಲ್ ತಂಡ ಅದರ ಜಪಾನಿ ಹೆಸರನ್ನೇ, 'ಗೊಜಿರಾ' ಎಂದು, ತನ್ನ ಹೆಸರಾಗಿ ಇಟ್ಟುಕೊಂಡಿತು.

1982ರಲ್ಲಿ ಐರನ್ ಮೇಡನ್ 'ದಿ ನಂಬರ್ ಆಫ್ ದಿ ಬೀಸ್ಟ್' ಆಲ್ಬಂ ತಂದಾಗ ಅಮೆರಿಕದ ಕೆಲವು ಧಾರ್ಮಿಕ ಗುಂಪುಗಳು ಇವರು ಸೈತಾನನ ಆರಾಧಕರೆಂದು ಕೂಗಿ ತಟ್ಟೆಗಳನ್ನು ಒಡೆದು ಹಾಕಿದವು. ಅದೇ ಆಲ್ಬಂನಲ್ಲಿ 'ರನ್ ಟು ದಿ ಹಿಲ್ಸ್' ಎಂಬ ಹಾಡಿದೆ. ಅಮೆರಿಕದ ಮೂಲನಿವಾಸಿಗಳನ್ನು ಬಿಳಿಯ ಸೈನಿಕರು ಬೇಟೆಯಾಡಿದ ಕಥೆ ಅದು. ಮೊದಲು ಸತ್ತವರ ಬಾಯಲ್ಲಿ, ಆಮೇಲೆ ಕೊಂದವರ ಬಾಯಲ್ಲಿ. ತಟ್ಟೆ ಒಡೆದವರು ಆ ಹಾಡನ್ನು ಕೇಳಿಸಿಕೊಂಡಿದ್ದರೆ ನಿಜವಾದ ಮೃಗ ಎಲ್ಲಿದೆ ಎಂಬ ಪ್ರಶ್ನೆ ಅವರಿಗೂ ಎದುರಾಗುತ್ತಿತ್ತು. ಈ ತಂಡ 2007ರ ಮಾರ್ಚ್ 17ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಹಾಡಿತು. ಆ ಹೊತ್ತಿಗೆ ಬೆಂಗಳೂರಿನಲ್ಲಿ ಕ್ರಿಪ್ಟೋಸ್‌ನಂಥ ಮೆಟಲ್ ತಂಡಗಳು ಹುಟ್ಟಿ ವರ್ಷಗಳೇ ಆಗಿದ್ದವು. ಆಟ ಮುಗಿದ ಮೇಲೆ ಎಡ್ಡಿಯ ಗೊಂಬೆಯನ್ನು ಮಡಿಚಿ ಪೆಟ್ಟಿಗೆಗೆ ಹಾಕುತ್ತಾರೆ. ಈ ಮಾತನ್ನು ನೆನಪಿಡಿ, ಮತ್ತೆ ಬೇಕಾಗುತ್ತದೆ.

* * *

ಈಗ ನಮ್ಮ ಕಡೆಗೆ ಬರೋಣ. ಮಾರಿ ಎಂದರೆ ಸಾವು, ಊರಿಗೆ ಊರೇ ಮಲಗಿಸುವ ರೋಗ. ಧಾರವಾಡದ ಕಡೆಯ ಮಾತಿನಲ್ಲಿ ಮಾರಿ ಎಂದರೆ ಮುಖವೂ ಹೌದು. ಎರಡು ಪದಗಳ ಮೂಲ ಬೇರೆ ಇರಬಹುದು. ಆದರೂ ಈ ಕಾಕತಾಳೀಯ ನನಗೆ ಹಿಡಿಸುತ್ತದೆ, ಯಾಕೆಂದರೆ ಮುಖವೇ ಇಲ್ಲದ ರೋಗಕ್ಕೆ ಒಂದು ಮುಖ ಕೊಡುವುದೇ ಮಾರಮ್ಮನ ಕೆಲಸ. ಸಿಡುಬಿಗೆ ನಮ್ಮ ಜನ ರೋಗವೆಂದು ಕರೆಯಲಿಲ್ಲ, 'ಅಮ್ಮ' ಎಂದರು. 1975ರಲ್ಲಿ ಭಾರತದ ಕೊನೆಯ ಸಿಡುಬು ಪ್ರಕರಣ ಸಿಕ್ಕಿತು. 1980ರಲ್ಲಿ ಅದು ಭೂಮಿಯಿಂದಲೇ ತೊಲಗಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಇವತ್ತಿಗೂ ಮಗುವಿಗೆ ಮೈಮೇಲೆ ಗುಳ್ಳೆ ಎದ್ದರೆ ಅಮ್ಮ ಆಗಿದೆ ಎನ್ನುತ್ತಾರೆ, ಬಾಗಿಲಿಗೆ ಬೇವಿನ ಸೊಪ್ಪು ಸಿಗಿಸುತ್ತಾರೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗ ಅದೂ ಅಮ್ಮನಾಯಿತು. ಪ್ಲೇಗ್ ಮಾರಮ್ಮನ ಗುಡಿಗಳು ಆ ನಗರದಲ್ಲಿ ಈಗಲೂ ಇವೆ. 1997ರಲ್ಲಿ ಮಂಡ್ಯ ಜಿಲ್ಲೆಯ ಮೆಣಸಿಕ್ಯಾತನಹಳ್ಳಿಯಲ್ಲಿ ಜನರಿಗೆ ತಿಳಿವಳಿಕೆ ಕೊಡಲೆಂದು ಶಾಲೆಯ ಮೇಷ್ಟರೊಬ್ಬರು ಏಡ್ಸಮ್ಮನನ್ನು ನಿಲ್ಲಿಸಿದರು. 2021ರಲ್ಲಿ ಕೊಯಮತ್ತೂರಿನಲ್ಲಿ ಕೊರೊನಾ ದೇವಿ ಬಂದಳು.

ಮಧುಗಿರಿಯ ಊರದೇವತೆಯ ಹೆಸರು ದಂಡಿನ ಮಾರಮ್ಮ. ದಂಡು ಎಂದರೆ ಸೈನ್ಯ. ದಂಡಿನವರು ಪೂಜಿಸಿದ ಮಾರಮ್ಮ ಎಂದೂ ಆಗಬಹುದು, ದಂಡಿನ ಜತೆ ಬಂದ ಮಾರಿ ಎಂದೂ ಆಗಬಹುದು. ಈ ಸೀಮೆಯ ಚರಿತ್ರೆ ಗೊತ್ತಿದ್ದವರಿಗೆ ಎರಡನ್ನೂ ಬೇರೆ ಮಾಡುವುದು ಕಷ್ಟ. 1687ರಲ್ಲಿ ಮೊಗಲರ ದಂಡು ಶಿರಾಕ್ಕೆ ಬಂತು. ಶಿರಾ ಅವರ ಒಂದು ಪ್ರಾಂತ್ಯದ ರಾಜಧಾನಿಯಾಯಿತು. ಆಮೇಲೆ ಮರಾಠರು. 1761ರಲ್ಲಿ ಹೈದರ್. 1767ರಲ್ಲಿ ಮತ್ತೆ ಮರಾಠರು. ಆಗ ಮಧುಗಿರಿಯ ಕೋಟೆಯಲ್ಲಿ ಹೈದರ್ ಸೆರೆಯಿಟ್ಟಿದ್ದ ಬಿದನೂರಿನ ರಾಣಿ ವೀರಮ್ಮಾಜಿಯನ್ನು ಅವರು ಬಿಡಿಸಿದರು. 1774ರಲ್ಲಿ ಕೋಟೆ ಮತ್ತೆ ಹೈದರನ ಕೈಗೆ ಹೋಯಿತು. 1791ರಲ್ಲಿ ಮತ್ತೊಂದು ಮುತ್ತಿಗೆ. ಬೆಟ್ಟದ ಮೇಲಿನ ಬಾವುಟ ಬದಲಾದ ಪ್ರತಿ ಸಲವೂ ಕೆಳಗಿನ ಹೊಲದ ಪೈರು ಕುದುರೆಯ ಬಾಯಿಗೆ ಹೋಯಿತು. ಟಿಪ್ಪುವಿನ ಕಾಲದಲ್ಲಿ ಶಿರಾದ 12,000 ಕುಟುಂಬಗಳನ್ನು ಶ್ರೀರಂಗಪಟ್ಟಣದ ಗಂಜಾಮಿಗೆ ಎಬ್ಬಿಸಿಕೊಂಡು ಹೋದರೆಂದು ಗೆಜೆಟಿಯರ್ ಹೇಳುತ್ತದೆ. ಸೈನ್ಯದ ಹಿಂದೆ ಹಸಿವು ಬಂತು, ಹಸಿವಿನ ಹಿಂದೆ ಬೇನೆ. ಇಷ್ಟೆಲ್ಲ ನೋಡಿದ ಜನ ತಮ್ಮ ಅಮ್ಮನಿಗೆ ದಂಡಿನ ಮಾರಮ್ಮ ಎಂದು ಹೆಸರಿಟ್ಟರೆ ಆ ಎರಡು ಪದಗಳಲ್ಲಿ ನೂರು ವರ್ಷದ ಚರಿತ್ರೆ ಇದೆ ಎಂದೇ ನಾನು ಓದುತ್ತೇನೆ.

ಆದರೆ ಮುಖ ಕೊಡುವುದರಲ್ಲಿ ಒಂದು ಅಪಾಯವೂ ಇದೆ. 1876ರಿಂದ 78ರ ತನಕ ಮೈಸೂರು ಸೀಮೆಯನ್ನು ತಿಂದ ಬರವನ್ನು ಜನ ಆ ಸಂವತ್ಸರಗಳ ಹೆಸರಿನಿಂದ ಧಾತು ಈಶ್ವರದ ಬರ ಎಂದರು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರಿನ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಆಗ ಮೈಸೂರನ್ನು ಆಳುತ್ತಿದ್ದವರು ಬ್ರಿಟಿಷ್ ಕಮಿಷನರುಗಳು. ವೈಸರಾಯ್ ಲಿಟ್ಟನ್ ಕಾಲದಲ್ಲಿ ಜನ ಸಾಯುತ್ತಿದ್ದಾಗಲೂ ಭಾರತದಿಂದ ಗೋಧಿ ಹಡಗು ಹತ್ತುತ್ತಿತ್ತು. ಬರದ ನೆನಪಿನಲ್ಲಿ ಸಂವತ್ಸರದ ಹೆಸರು ಉಳಿಯಿತು, ಮಾರಿಯ ಹೆಸರು ಉಳಿಯಿತು. ಕಂದಾಯದ, ಕಮಿಷನರಿನ, ಹಡಗಿನ ಹೆಸರು ಉಳಿಯಲಿಲ್ಲ. ಮಾರಿಯನ್ನು ಊರ ಗಡಿ ದಾಟಿಸಿ ಬರುವ ಆಚರಣೆ ನಮ್ಮಲ್ಲಿದೆ. ಬೇನೆಯನ್ನು ಗಾಡಿಯಲ್ಲೋ ಮೊರದಲ್ಲೋ ಇಟ್ಟು ಪಕ್ಕದೂರಿನ ಎಲ್ಲೆಯಲ್ಲಿ ಬಿಟ್ಟು ಹಿಂತಿರುಗಿ ನೋಡದೆ ಬರಬೇಕು. ಹಾಗೆ ಬಂದವರಿಗೆ ಸಮಾಧಾನ ಸಿಗುತ್ತದೆ. ಬೇನೆ ಯಾಕೆ ಬಂತು ಎಂಬ ಪ್ರಶ್ನೆಯೂ ಅದೇ ಗಾಡಿಯಲ್ಲಿ ಗಡಿ ದಾಟಿ ಹೋಗಿರುತ್ತದೆ.

* * *

ಮಾರಿಯ ಕಥೆಯಲ್ಲಿ ನಿಜವಾಗಿ ರಕ್ಕಸನ ಪಾತ್ರ ಮಾರಿಯದಲ್ಲ, ಕೋಣನದು. ಆ ಕಥೆಯನ್ನು ದಕ್ಷಿಣ ಭಾರತದ ಉದ್ದಗಲಕ್ಕೂ ಹೇಳುತ್ತಾರೆ. ಮದರಾಸಿನ ಬಿಷಪ್ ಆಗಿದ್ದ ಹೆನ್ರಿ ವೈಟ್‌ಹೆಡ್ 1916ರಲ್ಲಿ ಹಳ್ಳಿಯ ದೇವರುಗಳ ಮೇಲೆ ತಂದ ಪುಸ್ತಕದಲ್ಲಿ ಅದು ಅಚ್ಚಾಗಿದೆ. ನಾನು ಕೇಳಿದ್ದು ಪುಸ್ತಕಕ್ಕಿಂತ ಮೊದಲು, ಅಜ್ಜಿಯ ಬಾಯಲ್ಲಿ.

ಕೇರಿಯ ಹುಡುಗನೊಬ್ಬನಿಗೆ ಓದುವ ಆಸೆ. ಜಾತಿ ಮುಚ್ಚಿಟ್ಟು ದೂರದ ಊರಿಗೆ ಹೋಗಿ ಶಾಸ್ತ್ರ ಕಲಿಯುತ್ತಾನೆ. ಅವನ ಬುದ್ಧಿಗೆ ಮೆಚ್ಚಿ ಬ್ರಾಹ್ಮಣನೊಬ್ಬ ಮಗಳನ್ನು ಕೊಟ್ಟು ಮದುವೆ ಮಾಡುತ್ತಾನೆ. ಮಕ್ಕಳಾಗುತ್ತವೆ. ಒಂದು ದಿನ ಹುಡುಗನ ತಾಯಿ ಮಗನನ್ನು ಹುಡುಕಿಕೊಂಡು ಬರುತ್ತಾಳೆ. ಸೊಸೆ ಸಿಹಿ ಮಾಡಿ ಬಡಿಸುತ್ತಾಳೆ. ತಿನ್ನುತ್ತಾ ತಿನ್ನುತ್ತಾ ತಾಯಿ, ಇದು ಥೇಟ್ ಕೋಣದ ನಾಲಿಗೆಯ ಹಾಗಿದೆ ಎಂದು ಬಾಯಿತಪ್ಪಿ ಹೇಳುತ್ತಾಳೆ. ಸೊಸೆಗೆ ಎಲ್ಲವೂ ಗೊತ್ತಾಗುತ್ತದೆ. ತಂದೆಯ ಹತ್ತಿರ ಹೋಗಿ, ಮೈಲಿಗೆಯಾದ ಮಡಕೆಯನ್ನು ಏನು ಮಾಡಬೇಕಪ್ಪಾ ಎಂದು ಕೇಳುತ್ತಾಳೆ. ಬೆಂಕಿಗೆ ಹಾಕಬೇಕು ಎನ್ನುತ್ತಾನೆ ಆತ. ಅವಳು ತನ್ನನ್ನೇ ಸುಟ್ಟುಕೊಂಡು ಮಾರಿಯಾಗುತ್ತಾಳೆ. ಗಂಡ ಕೋಣನಾಗುತ್ತಾನೆ. ಅದಕ್ಕೇ ಜಾತ್ರೆಯಲ್ಲಿ ಕೋಣನನ್ನು ಕಡಿಯುವುದು, ಅವನ ಕಾಲನ್ನೇ ಅವನ ಬಾಯಿಗೆ ಇಡುವುದು, ತಲೆಯ ಮೇಲೆ ದೀಪ ಹಚ್ಚುವುದು. ಪ್ರಾಣಿಬಲಿಯನ್ನು ತಡೆಯುವ ಕಾನೂನು ನಮ್ಮ ರಾಜ್ಯದಲ್ಲಿ 1959ರಿಂದಲೇ ಇದೆ. ಬಲಿ ಕಡಿಮೆಯಾಗಿದೆ, ಕಥೆ ಹಾಗೆಯೇ ಉಳಿದಿದೆ.

ಚಿಕ್ಕಂದಿನಲ್ಲಿ ಕೇಳಿದಾಗ ಮೋಸ ಮಾಡಿದವನಿಗೆ ಶಿಕ್ಷೆಯಾಯಿತು ಎಂದಷ್ಟೇ ಅನಿಸಿತ್ತು. ಪಿಎಚ್.ಡಿ.ಗೆ ಸೇರಿದ ಮೇಲೆ ಮತ್ತೆ ಕೇಳಿದಾಗ ನನಗೆ ಮಾತು ಹೊರಡಲಿಲ್ಲ. ನಮ್ಮ ಕೇರಿಯಿಂದ ಈ ಓದಿನ ತನಕ ಬಂದವರಲ್ಲಿ ನಾನೇ ಮೊದಲು. ಕಥೆಯಲ್ಲಿ ಕೋಣನಾದವನು ಯಾರನ್ನೂ ಕೊಲ್ಲಲಿಲ್ಲ, ಯಾರ ಊರನ್ನೂ ಸುಡಲಿಲ್ಲ. ಅವನು ಓದಿದ. ಓದಲು ಬೇರೆ ದಾರಿ ಇಲ್ಲದ್ದರಿಂದ ಸುಳ್ಳು ಹೇಳಿದ. ಅವನ ಗುಟ್ಟು ಒಡೆದದ್ದು ತಾಯಿಯ ಊಟದ ನೆನಪಿನಿಂದ. ಅಂಥವನನ್ನು ಮೃಗವನ್ನಾಗಿ ಮಾಡಿ ವರ್ಷ ವರ್ಷವೂ ಊರ ಮುಂದೆ ಕಡಿಯಬೇಕು ಎಂದು ಯಾರಿಗೆ ಅನಿಸಿರಬಹುದು? ಬರ್ಮಿಂಗ್‌ಹ್ಯಾಮಿನ ಹುಡುಗರು ಮೇಲಿನವರಿಗೆ ಪಿಶಾಚಿಯ ಹೆಸರಿಟ್ಟರು. ನಮ್ಮ ಕಥೆಯಲ್ಲಿ ಮೇಲಿನವರ ಹೆದರಿಕೆ ಕೆಳಗಿನವನಿಗೆ ಕೋಣನ ಮುಖ ಹಾಕಿತು. ಇಬ್ಬರ ಕೈಯಲ್ಲೂ ಇದ್ದದ್ದು ಒಂದೇ ಸಾಧನ.

* * *

ಇಷ್ಟಕ್ಕೇ ನಿಂತಿದ್ದರೆ ಇದು ಬರೀ ಸೋಲಿನ ಕಥೆ. ಆದರೆ ಮಾರಿಯ ಜಾತ್ರೆಯಲ್ಲಿ ಈ ಕಥೆಯನ್ನು ಹಾಡುವವರು ಯಾರು ಎಂದು ನೋಡಿದರೆ ಲೆಕ್ಕ ಬದಲಾಗುತ್ತದೆ. ಹಾಡುವವರು ಆಸಾದಿಗಳು. ಬಳ್ಳಾರಿ, ಚಿತ್ರದುರ್ಗ, ತುಮಕೂರಿನ ಬಯಲುಸೀಮೆಯಲ್ಲಿ ಮಾರಮ್ಮನ ಪದ ಹಾಡುವ ಹಕ್ಕು ಮಾದಿಗ ಸಮುದಾಯಕ್ಕೆ ಸೇರಿದ ಇವರದು. ಉರುಮೆ, ತಮಟೆಗಳ ಬಡಿತದ ನಡುವೆ ರಾತ್ರಿಯಿಡೀ ಹಾಡುತ್ತಾರೆ. ಪಾವಗಡದ ಕಡೆ ಒಂದೇ ರಾತ್ರಿಯಲ್ಲಿ ಕನ್ನಡದಿಂದ ತೆಲುಗಿಗೆ, ತೆಲುಗಿನಿಂದ ಕನ್ನಡಕ್ಕೆ ಹಾಯಾಗಿ ದಾಟುತ್ತಾರೆ. ಆ ತಾಲ್ಲೂಕನ್ನು ಬಹುಪಾಲು ಸುತ್ತುವರಿದಿರುವುದು ಆಂಧ್ರ.

ಆಸಾದಿಗಳ ಹಾಡಿನಲ್ಲಿ ಕೇಳುವವರನ್ನು ಬೆಚ್ಚಿಬೀಳಿಸುವುದು ಬೈಗುಳ. ಹಾಡುಗಾರ ಮಾರಮ್ಮನನ್ನು ಮುಖಾಮುಖಿ ನಿಂತು ಬೈಯುತ್ತಾನೆ. ಅವಳ ಹುಟ್ಟು, ಮದುವೆ, ಹಸಿವು ಯಾವುದನ್ನೂ ಬಿಡುವುದಿಲ್ಲ. ಅಮ್ಮನಿಗೆ ಬೈಸಿಕೊಳ್ಳುವುದೇ ಇಷ್ಟ, ಬೈಯದಿದ್ದರೆ ಅವಳು ಏಳುವುದಿಲ್ಲ ಎನ್ನುತ್ತಾರೆ. ದೇವಿಯಿಂದ ಶುರುವಾದ ಬೈಗುಳ ಅಲ್ಲಿಗೆ ನಿಲ್ಲುವುದಿಲ್ಲ. ಗೌಡರು, ಶಾನುಭೋಗರು, ಪೂಜಾರಿಗಳು ಎಲ್ಲರಿಗೂ ಪಾಲು ಸಿಗುತ್ತದೆ. ಎಡ್ಗರ್ ಥರ್ಸ್ಟನ್ 1909ರಲ್ಲಿ ತಂದ ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಸಂಪುಟಗಳಲ್ಲಿ ಮಾತಂಗಿಯ ವರ್ಣನೆ ಇದೆ. ದೇವಿ ಮೈದುಂಬಿದ ಆ ಮಾದಿಗ ಹೆಣ್ಣು ಸೇರಿದ ಮೇಲ್ಜಾತಿಯವರ ಮೇಲೆ ಉಗುಳುತ್ತಾಳೆ, ಅವರನ್ನು ಬೈಯುತ್ತಾಳೆ, ಮುಟ್ಟುತ್ತಾಳೆ; ಅವರು ಅದನ್ನು ಪುಣ್ಯವೆಂದು ತೆಗೆದುಕೊಳ್ಳುತ್ತಾರೆ. ಬೇರೆ ದಿನ ಮುಟ್ಟಿದರೆ ಮೈಲಿಗೆ. ಆ ದಿನ ಉಗುಳಿಸಿಕೊಂಡರೆ ಶುದ್ಧ.

ಕೊರಟಗೆರೆ ಕಡೆಯ ಒಂದು ಹಳ್ಳಿಯಲ್ಲಿ ಇಂಥ ಒಂದು ರಾತ್ರಿ ನಾನು ಕೂತಿದ್ದೆ. ಗುಡಿಯ ಮುಂದಿನ ಬಯಲಿನಲ್ಲಿ ಸುಮಾರು ನಡುರಾತ್ರಿ. ಹಾಡುವ ಹಿರಿಯರಿಗೆ ಎಪ್ಪತ್ತರ ಮೇಲೆ ವಯಸ್ಸು, ಸಣ್ಣ ಮೈ, ಆದರೆ ದನಿ ಬಯಲಿನ ಆ ತುದಿಗೆ ಮುಟ್ಟುತ್ತಿತ್ತು. ಕೋಣನ ಕಥೆ ಬಂತು. ಊರಿನ ಮುಂದೆ ಅದೇ ಕಥೆ, ಆದರೆ ತೂಕ ಬೇರೆ. ಹುಡುಗ ಓದಲು ಹೊರಟ ಭಾಗವನ್ನು ಅವರು ಮುಗಿಸಲೇ ಇಲ್ಲ. ತಾಯಿ ಬುತ್ತಿ ಕಟ್ಟಿದ್ದು, ಹುಡುಗ ದಾರಿಯಲ್ಲಿ ನೀರು ಕೇಳಿ ಬೈಸಿಕೊಂಡಿದ್ದು, ಬಾಗಿಲಾಚೆ ನಿಂತು ಪಾಠ ಕೇಳಿಸಿಕೊಂಡಿದ್ದು, ಒಂದೊಂದನ್ನೂ ಹಿಗ್ಗಿಸಿ ಹಿಗ್ಗಿಸಿ ಹಾಡಿದರು. ಕೋಣ ಸಾಯುವುದನ್ನು ಎರಡೇ ಮಾತಿನಲ್ಲಿ ದಾಟಿಸಿಬಿಟ್ಟರು. ಕುರ್ಚಿಯಲ್ಲಿ ಕೂತಿದ್ದ ಊರಿನ ದೊಡ್ಡವರಿಗೆ ತಾವು ಕೇಳುತ್ತಿರುವುದು ಹಳೆಯ ಕಥೆಯೇ. ನೆಲದ ಮೇಲೆ ಕೂತಿದ್ದ ಕೇರಿಯ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಕಥೆ ಯಾರದ್ದೋ ಕಟ್ಟಿದ್ದು, ಎಲ್ಲಿ ನಿಲ್ಲಬೇಕು ಎಂಬುದು ಹಾಡುವವನ ಕೈಯಲ್ಲಿ ಎಂದು ಆ ರಾತ್ರಿ ನನಗೆ ಕಾಣಿಸಿತು.

ಬೆಳಿಗ್ಗೆ ನಾನು ಅವರ ಜತೆ ಚಹಾ ಕುಡಿಯಲು ಹೋದೆ. "ತಾತ, ರಾತ್ರಿ ಗೌಡ್ರನ್ನ ಅಷ್ಟೊಂದು ಬೈದ್ರಲ್ಲ, ಅವ್ರಿಗೆ ಸಿಟ್ಟು ಬರಲ್ವಾ?" ಎಂದು ಕೇಳಿದೆ. ತಾತ ನಕ್ಕರು. "ಬೈದಿದ್ದು ನಾನಲ್ಲ ಕಣಪ್ಪ, ಅಮ್ಮ," ಎಂದರು. ಅಷ್ಟರಲ್ಲಿ ಚಹಾ ಬಂತು. ನನಗೆ ಗಾಜಿನ ಲೋಟದಲ್ಲಿ, ಅವರಿಗೆ ಪ್ಲಾಸ್ಟಿಕ್ ಕಪ್ಪಿನಲ್ಲಿ. ನನ್ನ ಪ್ಯಾಂಟು, ಹೆಗಲ ಚೀಲ ನೋಡಿ ಅಂಗಡಿಯವನು ನಾನು ಯಾರೆಂದು ತಪ್ಪು ತಿಳಿದಿದ್ದ. ತಪ್ಪನ್ನು ತಿದ್ದಬೇಕಿತ್ತು. ನಾನು ತಿದ್ದಲಿಲ್ಲ. ಗಾಜಿನ ಲೋಟದ ಚಹಾ ಕುಡಿದು ಮುಗಿಸಿದೆ. ಕಥೆಯ ಹುಡುಗ ಯಾಕೆ ಸುಳ್ಳು ಹೇಳಿದ ಎಂದು ಕೇಳುವ ಹಕ್ಕು ಅಲ್ಲಿಂದ ಮುಂದೆ ನನಗಿಲ್ಲ.

ಎಡ್ಡಿಗೂ ಮಾರಿಗೂ ಇರುವ ವ್ಯತ್ಯಾಸ ಇದು. ವೇದಿಕೆ ಇಳಿದ ಮೇಲೆ ಎಡ್ಡಿಯನ್ನು ಪೆಟ್ಟಿಗೆಗೆ ಹಾಕಬಹುದು. ಹಾಡಿದ ತಂಡದವರು ವಿಮಾನ ಹತ್ತಿ ಮುಂದಿನ ಊರಿಗೆ ಹೋಗುತ್ತಾರೆ. ಮಾತಂಗಿಯ ಮೈಯನ್ನು ಯಾವ ಪೆಟ್ಟಿಗೆಗೆ ಹಾಕುವುದು? ಅಮ್ಮನ ಹೆಸರಿನಲ್ಲಿ ಹೆಣ್ಣುಮಕ್ಕಳನ್ನು ಬಿಡುವ ಪದ್ಧತಿಯನ್ನು ತಡೆಯಲು ಕರ್ನಾಟಕ 1982ರಲ್ಲಿ ಕಾನೂನು ಮಾಡಬೇಕಾಯಿತು. ಒಂದು ರಾತ್ರಿ ಬೈಯುವ ಹಕ್ಕು ಕೊಟ್ಟು ವರ್ಷವಿಡೀ ಬಾಯಿ ಮುಚ್ಚಿಸುವ ಏರ್ಪಾಡು ಅದು ಎಂದು ಕೆಲವರು ಹೇಳುತ್ತಾರೆ. ಆ ಮಾತಿನಲ್ಲಿ ನಿಜವಿದೆ. ಆದರೆ ಆ ಒಂದು ರಾತ್ರಿಯೂ ಇಲ್ಲದೆ ಹೋಗಿದ್ದರೆ ಬೈಯುವುದು ಹೇಗೆಂಬ ವಿದ್ಯೆಯೇ ಮರೆತುಹೋಗುತ್ತಿತ್ತೇನೋ.

* * *

ರಕ್ಕಸನಿಲ್ಲದ ಹಾಡೂ ಈ ಸೀಮೆಯಲ್ಲಿದೆ. ಶಿರಾ ತಾಲ್ಲೂಕಿನ ಕಳುವರಹಳ್ಳಿಯ ಹತ್ತಿರ ಜುಂಜಪ್ಪನ ಗುಡ್ಡೆ ಇದೆ. ಜುಂಜಪ್ಪ ಕಾಡುಗೊಲ್ಲರ ವೀರ, ದನಗಾಹಿಗಳ ದೇವರು. ಆಳೆತ್ತರದ ಬಿದಿರಿನ ಕೊಳಲು 'ಗಣೆ'ಯನ್ನು ಊದುತ್ತಾ ಅವನ ಕಥೆಯನ್ನು ಹಾಡುತ್ತಾರೆ. ಆ ಕಥೆಯಲ್ಲಿ ಜುಂಜಪ್ಪನನ್ನು ಕೊಲ್ಲುವುದು ರಕ್ಕಸನಲ್ಲ, ಹುಲಿಯಲ್ಲ, ಸೋದರಮಾವಂದಿರು. ಅನ್ನದಲ್ಲಿ ವಿಷವಿಟ್ಟು ಕೊಲ್ಲುತ್ತಾರೆ. ಕೊಂಬು, ಕೋರೆಹಲ್ಲು ಯಾವುದೂ ಇಲ್ಲ. ಬಡಿಸುವ ಕೈ ಮಾತ್ರ. ಕೇಡಿಗೆ ಮುಖವಾಡ ಹಾಕದೆ ಮನೆಯವರೇ ಎಂದು ಹೇಳುವ ಧೈರ್ಯ ಆ ಹಾಡಿಗಿದೆ.

1970ರ ದಶಕದಲ್ಲಿ ದಲಿತ ಚಳವಳಿ ಮಾಡಿದ್ದೂ ಇದನ್ನೇ. ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' 1975ರಲ್ಲಿ ಬಂತು. ಹಳ್ಳಿ ಹಳ್ಳಿಯಲ್ಲಿ ಅದೇ ತಮಟೆಯ ಮೇಲೆ ಆ ಹಾಡುಗಳು ಮೊಳಗಿದವು. ಆಸಾದಿ ಅಮ್ಮನ ಹೆಸರಿನಲ್ಲಿ ಬೈದದ್ದನ್ನು ಇಲ್ಲಿ ಜನ ತಮ್ಮ ಹೆಸರಿನಲ್ಲೇ ಬೈದರು, ಬೈಸಿಕೊಳ್ಳುವವರ ಹೆಸರನ್ನೂ ಹೇಳಿದರು. ಅದೇ ಕವಿ ಮುಂದೆ ಡಾಕ್ಟರೇಟಿಗೆ ಆರಿಸಿಕೊಂಡ ವಿಷಯ ಗ್ರಾಮದೇವತೆಗಳು ಎಂಬುದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ. ದೇವರನ್ನು ಬೈದು ಬೆಳೆದ ಪರಂಪರೆಯನ್ನು ಅವರು ಮೂಢನಂಬಿಕೆಯೆಂದು ಎಸೆಯಲಿಲ್ಲ, ಅದರೊಳಗಿನ ಸಿಟ್ಟು ಮತ್ತು ನಗೆ ಎರಡನ್ನೂ ಕೇಳಿಸಿಕೊಂಡರು. ನಮ್ಮ ಕಡೆ ಬರ್ಮಿಂಗ್‌ಹ್ಯಾಮಿಗೆ ಸಮನಾದದ್ದೇನಾದರೂ ಇದ್ದರೆ ಅದು ಈ ಹಾಡುಗಳ ಬೀದಿ. ಕನ್ನಡ ರಾಕ್ ಎಂದು ಇವತ್ತು ಕರೆಯುವ ಸಂಗೀತ ಶಿಶುನಾಳ ಷರೀಫರ ತತ್ವಪದಗಳ ಮನೆಗೆ ಹೋಯಿತು, ಒಳ್ಳೆಯದೇ ಆಯಿತು. ಆಸಾದಿಗಳ ಕೇರಿಗೆ ಅದು ಇನ್ನೂ ಹೆಚ್ಚು ಬಂದಿಲ್ಲ.

ಬರಬೇಕಾದ ಕಾಲ ಇದು. ಪಾವಗಡದ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಇದೆ. ಒಂದು ಲೀಟರಿನಲ್ಲಿ ಒಂದೂವರೆ ಮಿಲಿಗ್ರಾಂ ದ��ಟಬಾರದೆಂಬುದು ನಿಯಮ. ಮಳೆ ಕಡಿಮೆಯಾದಂತೆ ಬಾವಿ ಆಳಕ್ಕೆ ಹೋಯಿತು, ಆಳದ ಬಂಡೆಯಿಂದ ವಿಷ ನೀರಿಗೆ ಬಂತು. ಮಕ್ಕಳ ಹಲ್ಲು ಕಂದು ಬಣ್ಣಕ್ಕೆ ತಿರುಗುತ್ತದೆ, ವಯಸ್ಸಾಗುವ ಮುಂಚೆಯೇ ಮೂಳೆ ಸೆಟೆದು ಬೆನ್ನು ಬಾಗುತ್ತದೆ. ಸಿಡುಬಿಗಿದ್ದಂತೆ ಇದಕ್ಕೆ ಅಮ್ಮನಿಲ್ಲ, ಹಾಡಿಲ್ಲ. ಅದೇ ತಾಲ್ಲೂಕಿನ ತಿರುಮಣಿ ಸುತ್ತಮುತ್ತ 13,000 ಎಕರೆಯಲ್ಲಿ ಸೋಲಾರ್ ಪಾರ್ಕ್ ಎದ್ದಿದೆ, 2,050 ಮೆಗಾವ್ಯಾಟ್. ಹೊಲ ಇದ್ದವರಿಗೆ ವರ್ಷ ವರ್ಷ ಬಾಡಿಗೆ ಬರುತ್ತದೆ. ಆ ಹೊಲಗಳಲ್ಲಿ ಕಳೆ ಕಿತ್ತು ಬದುಕುತ್ತಿದ್ದ, ಸ್ವಂತ ನೆಲವಿಲ್ಲದ ಕೂಲಿಯವರಿಗೆ ಬಾಡಿಗೆ ಕೊಡುವವರಿಲ್ಲ. ಬರ ಬಂದರೆ ಜನ ಪಾವಗಡದ ಶನಿಮಹಾತ್ಮನ ಗುಡಿಗೆ ಎಳ್ಳೆಣ್ಣೆ ಹೊತ್ತು ಹೋಗುತ್ತಾರೆ. ಫ್ಲೋರೈಡಿಗೆ ಮೊರೆಯಿಡಬೇಕಾದ ಗುಡಿ ಯಾವುದೆಂದು ಗೊತ್ತಾಗುವುದಿಲ್ಲ. ಇದಕ್ಕೆ ಹೊಸ ಮಾರಿಯೊಬ್ಬಳನ್ನು ಕಟ್ಟಬೇಕೆಂದು ನಾನು ಹೇಳುತ್ತಿಲ್ಲ. ಕಟ್ಟಿದರೆ ಬೇನೆಯನ್ನು ಮತ್ತೆ ಗಾಡಿಯಲ್ಲಿಟ್ಟು ಗಡಿ ದಾಟಿಸಿ ಸುಮ್ಮನಾಗುವ ಅಪಾಯವಿದೆ. ಆದರೆ ಯಾರೂ ಹಾಡದ ಕೇಡು ಕಡತದೊಳಗೆ ಅಂಕಿಯಾಗಿ ಉಳಿದುಬಿಡುತ್ತದೆ.

ಈ ಸಲ ಊರಿಗೆ ಹೋದಾಗ ಅಜ್ಜಿಗೆ ಎಡ್ಡಿಯ ವಿಷಯ ಬಿಡಿಸಿ ಹೇಳಿದೆ. ಅದು ಮಾರಮ್ಮನಲ್ಲ, ಹಾಡುಗಾರರು ಮಾಡಿಕೊಂಡ ಬೊಂಬೆ, ಹಾಡುವಾಗ ವೇದಿಕೆಗೆ ಬರುತ್ತದೆ ಎಂದೆ. ಫೋನಿನಲ್ಲಿ ಒಂದು ಹಾಡನ್ನೂ ಹಾಕಿದೆ. ಡ್ರಮ್ಮಿನ ಬಡಿತಕ್ಕೆ ಅಜ್ಜಿ ತಲೆಯಾಡಿಸಿದಳು; ತಮಟೆ ಕೇಳಿ ಬೆಳೆದವಳು. ಹಾಡು ಮುಗಿಯುವ ತನಕ ಕೇಳಿ ಒಂದೇ ಮಾತು ಕೇಳಿದಳು:

"ಬೈತಾವ್ರಲ್ಲ ಮಗ, ಯಾರ್ನ ಬೈತಾವ್ರೆ?"